ದೀಪಸ್ತಂಭದ ದ್ವಿತೀಯಾರ್ಧ

ಗ್ರಂಥಾಲಯದ ಮಹಡಿಯಲ್ಲಿ ಭಾನುವಾರ ಬೆಳಿಗ್ಗೆ ಆ ಹಳೆಯ ಕಪ್ಪು-ಬಿಳುಪು ಚಿತ್ರ ತೋರಿಸುತ್ತಾರೆಂದು ಗೊತ್ತಾದಂದಿನಿಂದ ಅವಳ ಕೈ ಹತೋಟಿಯಲ್ಲಿರಲಿಲ್ಲ. ಕನ್ನಡಕದ ಅಂಗಡಿಯಲ್ಲಿ ಗಾಜಿನ ಅಂಚು ಉಜ್ಜಿ ಚೌಕಟ್ಟಿಗೆ ಕೂರಿಸುವುದು ಅವಳ ಕೆಲಸ. ಒಂದೇ ವಾರದಲ್ಲಿ ಎರಡು ಗಾಜು ಒಡೆದವು. ಇಪ್ಪತ್ತೆಂಟು ವರ್ಷ ಅದೇ ಕೆಲಸ ಮಾಡಿದವಳಿಗೆ ಅದು ತಲೆ ತಗ್ಗಿಸುವಂಥ ಸಂಗತಿ.

ಅಪ್ಪ ಮಕ್ಕಳನ್ನು ಚಿತ್ರಮಂದಿರಕ್ಕೆ ಕರೆದುಕೊಂಡು ಹೋಗಿದ್ದು ಒಂದೇ ಸಲ, ಅದೂ ಈ ಚಿತ್ರಕ್ಕೆ. ಆಗ ಅವಳಿಗೆ ಆರು, ಅಣ್ಣನಿಗೆ ಹದಿಮೂರು. ಎರಡು ತಿಂಗಳಾಗುವಷ್ಟರಲ್ಲಿ ಅಪ್ಪ ತೀರಿಕೊಂಡರು. ಸಮುದ್ರದ ನಡುವಿನ ದೀಪಸ್ತಂಭ, ಅದನ್ನು ಕಾಯುವವನು, ಅವನ ಒಬ್ಬಳೇ ಮಗಳು: ಇದಿಷ್ಟು ಕತೆ. ಬಿರುಗಾಳಿಯಲ್ಲಿ ಆ ಕಾಯುವವನ ದೋಣಿ ಕಾಣೆಯಾಗುತ್ತದೆ. ಕೊನೆಯಲ್ಲಿ ಅವನು ಒದ್ದೆ ಬಟ್ಟೆಯಲ್ಲೇ ಮೆಟ್ಟಿಲು ಹತ್ತಿ ಬಂದು, ಉರಿಯುತ್ತಿರುವ ದೀಪ ನೋಡಿ, "ನೀನೇ ಹಚ್ಚಿದ್ಯಾ?" ಎಂದು ಮಗಳನ್ನು ಕೇಳುತ್ತಾನೆ. ಆ ಒಂದು ಮಾತಿಗಾಗಿ ಅವಳು ಈ ಚಿತ್ರವನ್ನು ಎಲ್ಲೆಲ್ಲೋ ಹುಡುಕಿದ್ದಳು.

ಅವಳಿಗೆ ಇಪ್ಪತ್ತೆರಡಾಗಿದ್ದಾಗ ಊರಿನ ಮುದ್ರಣಾಲಯದ ಮೇಲಿನ ಕೋಣೆಯಲ್ಲಿ ಕನಸಿನೊಳಗೂ ಎಚ್ಚರವಾಗಿರುವುದನ್ನು ಕಲಿಯಲು ಅವಳೂ ಇನ್ನು ಹತ್ತು-ಹನ್ನೆರಡು ಜನರೂ ಶನಿವಾರ ಮಧ್ಯಾಹ್ನ ಸೇರುತ್ತಿದ್ದರು. ನಿವೃತ್ತ ಭೂಗೋಳದ ಮೇಷ್ಟ್ರೊಬ್ಬರು ಅವರಿಂದ ಒಂದೇ ಸ್ವರವನ್ನು ಮುಕ್ಕಾಲು ಗಂಟೆ ಹೇಳಿಸುತ್ತಿದ್ದರು. ಮೊದಮೊದಲು ಗಂಟಲು ಉರಿಯುತ್ತಿತ್ತು, ಆಮೇಲೆ ಪಕ್ಕದವರ ದನಿ ಯಾವುದು ತನ್ನದು ಯಾವುದು ಎಂಬುದೇ ತಿಳಿಯುತ್ತಿರಲಿಲ್ಲ. ಅದು ಮುಗಿದ ಮೇಲೆ ಎಲ್ಲರೂ ಚಾಪೆಯ ಮೇಲೆ ಮಲಗಬೇಕು.

"ಕನಸಲ್ಲಿ ಯಾವುದಾದ್ರೂ ಬರಹ ಕಂಡ್ರೆ ಎರಡು ಸಲ ಓದಿ," ಎನ್ನುತ್ತಿದ್ದರು ಮೇಷ್ಟ್ರು. "ಎರಡನೇ ಸಲ ಬೇರೆ ಇದ್ರೆ ಅದು ಕನಸು ಅಂತ ತಿಳ್ಕೊಳ್ಳಿ. ಗಾಬರಿಯಾಗಿ ಎದ್ದುಬಿಡಬೇಡಿ. ಎಲ್ಲಿಗೆ ಬೇಕೋ ಹೋಗಿ."

ಅವಳು ಹೋಗುತ್ತಿದ್ದುದು ಆ ಚಿತ್ರಮಂದಿರಕ್ಕೆ. ಇದು ಕನಸು ಎಂಬ ಎಚ್ಚರದಲ್ಲೇ ಹನ್ನೊಂದು ಸಲ ಅಪ್ಪನ ಪಕ್ಕದಲ್ಲಿ ಕೂತಿದ್ದಳು. ಎಷ್ಟು ಕರೆದರೂ ಅಪ್ಪ ಅವಳತ್ತ ತಿರುಗುತ್ತಿರಲಿಲ್ಲ, ಪರದೆಯನ್ನೇ ನೋಡುತ್ತಿದ್ದರು. ಅವಳೂ ನೋಡುತ್ತಿದ್ದಳು. ಮೇಷ್ಟ್ರಿಗೆ ಕಾಯಿಲೆಯಾಗಿ ದನಿ ಬಿದ್ದುಹೋದ ಮೇಲೆ ಗುಂಪು ಚದುರಿತು. ಮನೆಯಲ್ಲಿ ಒಬ್ಬಳೇ ಕೂತು ಸ್ವರ ಹಿಡಿದರೆ ಪಕ್ಕದ ಮನೆಯವರು ಏನಾಯಿತೆಂದು ಬಾಗಿಲು ಬಡಿಯುತ್ತಿದ್ದರು. ಆ ಕನಸು ಮತ್ತೆ ಬರಲಿಲ್ಲ.

ಭಾನುವಾರ ಅಣ್ಣನೂ ಜೊತೆಗೆ ಬಂದ. ಬಸ್ಸು ಓಡಿಸಿ ನಿವೃತ್ತನಾದವನು, ಕಿವಿ ಮಂದ. ಪಿಸುಗುಟ್ಟಿದರೂ ಕೊನೆಯ ಸೀಟಿನವರಿಗೆ ಕೇಳಿಸಬೇಕು.

"ಗುಬ್ಬಿ, ಈ ನಟಿ ಬದುಕಿದ್ದಾಳಾ?"

"ಅಣ್ಣ, ಬಾಯಿ ಮುಚ್ಕೊಂಡು ನೋಡು."

"ನಾನೇನಂದೆ ಈಗ?"

ಮುಂದಿನ ಸಾಲಿನವರು ತಿರುಗಿ ನೋಡಿದರು. ಅವಳಿಗೆ ಮೈಯೆಲ್ಲ ಉರಿಯಿತು. ಆದರೂ ವಿರಾಮದವರೆಗೆ ಎಲ್ಲವೂ ಅವಳ ನೆನಪಿನಂತೆಯೇ ಇತ್ತು: ಸುತ್ತು ಮೆಟ್ಟಿಲು, ಅಲೆಯ ಹೊಡೆತ, ಖಾಲಿ ದೋಣಿ.

ವಿರಾಮದ ನಂತರ ಕತೆ ಎಲ್ಲೆಲ್ಲೋ ಹೋಯಿತು. ಕರಾವಳಿಯ ಅಧಿಕಾರಿಯೊಬ್ಬ ಬಂದ. ಅವನಿಗೊಬ್ಬ ಉಗ್ಗುವ ಗೆಳೆಯ, ಅವನನ್ನಿಟ್ಟುಕೊಂಡು ಹಾಸ್ಯ. ತೋಟದಲ್ಲಿ ಎರಡು ಹಾಡು. ಅವಳು ಕುರ್ಚಿಯ ತುದಿಗೆ ಬಂದು ಕೂತಳು. ಈಗ ಆ ಅಪ್ಪ ಬರುತ್ತಾನೆ, ಇನ್ನೇನು ಬಂದ. ಮಗಳಿಗೆ ಮದುವೆಯಾಯಿತು, ದೀಪಸ್ತಂಭಕ್ಕೆ ಬೀಗ ಬಿತ್ತು, 'ಮುಕ್ತಾಯ' ಎಂಬ ಪದ ಮೂಡಿತು. ಅವಳು ಆ ಪದವನ್ನು ಎರಡು ಸಲ ಓದಿದಳು. ಬದಲಾಗಲಿಲ್ಲ.

ಕೋಣೆಯ ದೀಪ ಹತ್ತುವ ಮೊದಲೇ ಅವಳು ಚಿತ್ರ ತೋರಿಸುವ ಯಂತ್ರ ನಡೆಸುವವನ ಹತ್ತಿರ ಹೋಗಿ ನಿಂತಿದ್ದಳು.

"ಕೊನೇದು ಯಾಕೆ ಕತ್ತರಿಸಿದ್ರಿ? ಅಪ್ಪ ವಾಪಸ್ ಬರೋದು ಎಲ್ಲಿ?"

"ಯಾರೂ ಕತ್ತರಿಸಿಲ್ಲ ಮೇಡಂ. ಪೂರ್ತಿ ಚಿತ್ರ ಇದೇ."

"ನಾನು ನೋಡಿದೀನಿ ಕಣ್ರೀ! ಮೆಟ್ಟಿಲು ಹತ್ಕೊಂಡು ಬರ್ತಾನೆ."

ಆತ ಪಾಪ, ಜಗಳಗಂಟನಲ್ಲ. ಚಿತ್ರದ ಅವಧಿ ಬರೆದ ಕಾಗದ ತೋರಿಸಿದ, ಗಡಿಯಾರ ತೋರಿಸಿದ. ಒಂದು ನಿಮಿಷವೂ ಕಡಿಮೆಯಿರಲಿಲ್ಲ. "ಬೇರೆ ಯಾವುದೋ ಚಿತ್ರ ಇರಬೇಕು," ಎಂದ. ಆ ಸಮಾಧಾನದ ದನಿಯೇ ಅವಳನ್ನು ಇನ್ನಷ್ಟು ಕೆರಳಿಸಿತು.

ಅಣ್ಣ ಅವಳ ತೋಳು ಹಿಡಿದು ಹೊರಗೆ ಕರೆತಂದ. "ಗುಬ್ಬಿ, ನೀನು ದ್ವಿತೀಯಾರ್ಧ ನೋಡೇ ಇಲ್ಲ. ನಾವು ವಿರಾಮಕ್ಕೇ ಎದ್ದು ಬಂದ್ವಿ."

"ಸುಳ್ಳು."

"ಅಪ್ಪಂಗೆ ಹೊಟ್ಟೆನೋವು ಬಂತು. ಹೊರಗೆ ಗೋಡೆ ಹಿಡ್ಕೊಂಡು ವಾಂತಿ ಮಾಡ್ಕೊಂಡ್ರು. ರಕ್ತ ಇತ್ತು. ನೀನು ನಿದ್ದೆ ಹೋಗಿದ್ದೆ, ನಿನ್ನನ್ನ ಎತ್ಕೊಂಡಿದ್ದೆ ನಾನು. ಅಮ್ಮಂಗೆ ಹೇಳಬೇಡ ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡ್ರು."

ಅವಳು ಗ್ರಂಥಾಲಯದ ಮುಂದೆಯೇ ಕೂಗಾಡಿದಳು. "ಎರಡು ತಿಂಗಳು! ಎರಡು ತಿಂಗಳು ಇತ್ತಲ್ಲ ಅಣ್ಣ! ಅವತ್ತೇ ಅಮ್ಮಂಗೆ ಹೇಳಿದ್ರೆ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತಿರ್ಲಿಲ್ವಾ?"

"ಗೊತ್ತು."

"ಏನು ಗೊತ್ತು? ಇಷ್ಟು ವರ್ಷ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ಯಲ್ಲ!"

"ಹೇಳೋಣ ಅಂದ್ಕೊಳ್ಳೋ ಹೊತ್ತಿಗೆ ಅಪ್ಪ ಹೋಗಿಬಿಟ್ಟಿದ್ರು. ಆಮೇಲೆ ಹೇಳೋಕೆ ಮುಖ ಎಲ್ಲಿತ್ತು ನಂಗೆ?"

ಅವಳು ಅವನನ್ನು ಅಲ್ಲೇ ಬಿಟ್ಟು ನಡೆದುಬಿಟ್ಟಳು. ಯಾರ ಮೇಲೆ ಸಿಟ್ಟು ಮಾಡುವುದೆಂದೇ ತಿಳಿಯಲಿಲ್ಲ. ಅವಳು ಕಂಡ ದ್ವಿತೀಯಾರ್ಧ ಆ ಹನ್ನೊಂದು ಕನಸುಗಳದ್ದು. ಚಿತ್ರ ಅವಳಿಗೆ ಮೋಸ ಮಾಡಿರಲಿಲ್ಲ, ಯಂತ್ರದವನೂ ಮಾಡಿರಲಿಲ್ಲ. ಹದಿಮೂರರ ಹುಡುಗನನ್ನು ಬೈಯೋಣವೆಂದರೆ ಅವನಿಗೀಗ ಅರವತ್ತು ದಾಟಿತ್ತು. ಮನೆಗೆ ಬಂದು ಬಾಗಿಲು ಹಾಕಿ, ಚಾಪೆಯ ಮೇಲೆ ಕೂತು ಸ್ವರ ಹಿಡಿದಳು. ಕಣ್ಣು ಮುಚ್ಚಿದರೆ ಮೆಟ್ಟಿಲು ಹತ್ತಿ ಬರುತ್ತಿದ್ದವನು ಆ ಹಾಳು ಅಧಿಕಾರಿ. ಓಡಿಸಿದಷ್ಟೂ ಬರುತ್ತಿದ್ದ. ಅವಳು ಚಾಪೆ ಸುರುಳಿ ಸುತ್ತಿ ಮೂಲೆಗೆ ಎಸೆದಳು.

ಮೂರು ದಿನ ಅಣ್ಣನ ಫೋನು ಎತ್ತಲಿಲ್ಲ. ನಾಲ್ಕನೆಯ ದಿನ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಾಗ ಅವಳಿಗೆ ಭಯವಾಯಿತು. ತನ್ನ ಕನಸಿನ ಚಿತ್ರದಲ್ಲಿ ಮಗಳು ತೊಟ್ಟಿದ್ದ ಬಟ್ಟೆ ಯಾವುದೆಂದು ನೆನಪಾಗಲಿಲ್ಲ. ಒಂದೊಂದೇ ಅಳಿಸಿಹೋಗುತ್ತಿತ್ತು. ಅರ್ಧ ದಿನ ರಜೆ ಕೇಳಿ ಸೀದಾ ಅಣ್ಣನ ಮನೆಗೆ ಹೋದಳು.

ಅತ್ತಿಗೆ ಬಾಗಿಲು ತೆಗೆದು, "ಸದ್ಯ ಬಂದೆಯಲ್ಲ, ನಿಮ್ಮಣ್ಣ ಸರಿಯಾಗಿ ಊಟಾನೇ ಮಾಡ್ತಿಲ್ಲ," ಎಂದಳು.

ಅವಳು ಅಣ್ಣನೆದುರು ಕುರ್ಚಿ ಎಳೆದುಕೊಂಡು ಕೂತಳು. "ನಿನ್ನ ಮೇಲಿನ ಸಿಟ್ಟು ಹೋಗಿಲ್ಲ. ನಾನು ಕಂಡ ದ್ವಿತೀಯಾರ್ಧ ಹೇಳ್ತೀನಿ. ಮರೆತುಹೋಗೋಕೆ ಮುಂಚೆ ಯಾರಿಗಾದ್ರೂ ಹೇಳಬೇಕು. ಮಧ್ಯೆ ಮಾತಾಡಬೇಡ."

ಅವನು ತಲೆಯಾಡಿಸಿದ. ಅವಳು ಖಾಲಿ ದೋಣಿಯಿಂದ ಶುರುಮಾಡಿದಳು. ಎರಡು ನಿಮಿಷವೂ ಆಗಿರಲಿಲ್ಲ.

"ಆ ದೋಣಿಗೆ ಎಂಜಿನ್ ಇತ್ತಾ?"

"ಅಣ್ಣ!"

"ಆಯ್ತು, ಹೇಳು ಹೇಳು."

ಅವಳು ಹಲ್ಲು ಕಚ್ಚಿ ಮುಂದುವರಿಸಿದಳು. ಅಲ್ಲಲ್ಲಿ ತಡವರಿಸಿದಳು, ಹಿಂದೆ ಹೋಗಿ ಸರಿಪಡಿಸಿದಳು. ಒದ್ದೆ ಬಟ್ಟೆಯವನು ಮೆಟ್ಟಿಲು ಹತ್ತಿ ಬಂದು ಆ ಮಾತು ಕೇಳುವಲ್ಲಿಗೆ ಬಂದಾಗ ಅಣ್ಣ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸತೊಡಗಿದ್ದ.

"ಅದಕ್ಕೆ ಮಗಳು ಏನಂದ್ಳು?" ಎಂದು ಕೇಳಿದ.

"ಗೊತ್ತಿಲ್ಲ. ಪ್ರತಿ ಸಲ ಅಲ್ಲಿಗೇ ನಂಗೆ ಎಚ್ಚರ ಆಗಿಬಿಡ್ತಿತ್ತು."