ಮಾವ ಎರಚಿದ ಗೊಬ್ಬರ

ರಸ್ತೆ ಬದಿಯ ಚಹಾ ಅಂಗಡಿಯಲ್ಲಿ ಕೂತರೆ ಮುದುಕನಿಗೆ ತನ್ನ ಗೋಧಿ ಹೊಲ ಎದುರಿಗೇ ಕಾಣುತ್ತಿತ್ತು. ಅದನ್ನು ನೋಡುತ್ತ ಚಹಾ ಕುಡಿಯುವುದು ಅವನ ಪ್ರತಿದಿನದ ಸುಖ. ಈ ವರ್ಷ ಮಾತ್ರ ಹೊಲಕ್ಕೆ ಬೆನ್ನು ಹಾಕಿ ಕೂರುತ್ತಿದ್ದ.

"ಏನಣ್ಣಾ, ನಿನ್ನ ಗೋಧಿಗೆ ಜ್ವರ ಬಂದಿದ್ಯಾ? ಪೈರಿನ ನಡುವೆ ನೆಲ ಕಾಣ್ತಿದೆ," ಎಂದ ಅಂಗಡಿಯವನು.

"ಸೊಸೆ ತರಬೇತಿಗೆ ಹೋಗಿ ಬಂದಿದಾಳಲ್ಲ, ಪೈರಿಗೆ ಉಪವಾಸ ಕಲಿಸಿರಬೇಕು," ಎಂದು ಇನ್ನೊಬ್ಬ ಸೇರಿಸಿದ.

ಎಲ್ಲರೂ ನಕ್ಕರು. ಮುದುಕನೂ ನಕ್ಕ, ಅರ್ಧ ಚಹಾ ಬಿಟ್ಟು ಎದ್ದ.

ಮಗ ಲಾರಿ ಓಡಿಸುತ್ತ ಊರೂರು ಅಲೆಯುವವನು. ಹೊಲದ ಕೆಲಸವೆಲ್ಲ ಸೊಸೆಯದು. ಕೃಷಿ ತರಬೇತಿಯಲ್ಲಿ ಮೇಡಂ ಕಲಿಸಿದಂತೆ ಅವಳು ಬೀಜ ಕಡಿಮೆ ಬಿತ್ತಿದ್ದಳು, ಗೊಬ್ಬರವನ್ನು ಕಂತು ಕಂತಾಗಿ ಕೊಟ್ಟಿದ್ದಳು. ಮುದುಕ ಅರೆಮನಸ್ಸಿನಿಂದ ಹೂಂಗುಟ್ಟಿದ್ದ.

"ಅಮ್ಮಾ, ಇನ್ನೊಂದೆರಡು ಮೂಟೆ ಯೂರಿಯಾ ಎರಚಿಬಿಡೋಣ. ನಾಲ್ಕು ಜನ ನಗ್ತಿದಾರೆ," ಎಂದ ಮನೆಗೆ ಬಂದು ಸೊಸೆಗೆ.

"ಬೇಡ ಮಾವ. ಈಗಿನ್ನೂ ತೆಂಡೆ ಒಡೀತಿದೆ, ಬುಡದಿಂದ ಹೊಸ ಕವಲು ಬಂದು ನೆಲ ತಾನಾಗೇ ಮುಚ್ಚುತ್ತೆ. ಹೆಚ್ಚು ಹಾಕಿದ್ರೆ ಪೈರು ಎತ್ತರಕ್ಕೆ ಹೋಗುತ್ತೆ, ಕಾಂಡಕ್ಕೆ ಬಲ ಇರಲ್ಲ. ಗಾಳಿ ಬಂದ್ರೆ ಮಲಗಿಬಿಡುತ್ತೆ."

"ನಾನು ಗೋಧಿ ಬೆಳೆಯೋಕೆ ಶುರು ಮಾಡ್ದಾಗ ನಿಮ್ಮ ಮೇಡಂ ಹುಟ್ಟೇ ಇರ್ಲಿಲ್ಲ."

"ಅದೇನೋ ನಿಜ. ಆದ್ರೆ ಆಗ ನೀವು ಸಗಣಿ ಗೊಬ್ಬರ ಹಾಕ್ತಿದ್ರಿ," ಎಂದು ಅವಳು ನಕ್ಕಳು.

ಮುದುಕ ನಗಲಿಲ್ಲ. ತಾಯಿಗೆ ಹುಷಾರಿಲ್ಲವೆಂದು ಸೊಸೆ ತವರಿಗೆ ಹೋದಾಗ, ಯೂರಿಯಾ ತಂದು ಹೊಲದ ತುಂಬ ಎರಚಿದ. ಖಾಲಿ ಚೀಲಗಳನ್ನು ಹುಲ್ಲಿನ ರಾಶಿಯ ಅಡಿಗೆ ತುರುಕಿದ.

ಪೈರು ಕಪ್ಪಿಟ್ಟ ಹಸಿರಾಗಿ ಎದೆಯೆತ್ತರ ಬೆಳೆಯಿತು. ಅಂಗಡಿಯಲ್ಲಿ ಈಗ ಬರೀ ಹೊಗಳಿಕೆ. ತವರಿನಿಂದ ಬಂದ ಸೊಸೆ ಒಂದು ಎಲೆಯನ್ನು ಬೆರಳಲ್ಲಿ ತಿಕ್ಕಿ ನೋಡಿದಳು. ಮಾವನ ಮುಖವನ್ನೂ ನೋಡಿದಳು. ಕೈ ಒರೆಸಿಕೊಂಡು ಮನೆ ಕಡೆ ನಡೆದಳು.

ಕಾಳು ಹಾಲುಗಟ್ಟುವ ಹೊತ್ತಿಗೆ ಒಂದು ಸಂಜೆ ಗಾಳಿ ಮಳೆ ಬಡಿಯಿತು. ಬೆಳಿಗ್ಗೆ ಹೋಗಿ ನೋಡಿದರೆ ಗೋಧಿಯೆಲ್ಲ ಚಾಪೆ ಹಾಸಿದಂತೆ ನೆಲಕಚ್ಚಿತ್ತು. ಅಕ್ಕಪಕ್ಕದ ಹೊಲಗಳು ಬಾಗಿದರೂ ಬಿಸಿಲಿಗೆ ಎದ್ದು ನಿಂತವು. ಇದು ಏಳಲಿಲ್ಲ. ತೆನೆಗಳು ಕೆಸರಲ್ಲಿ ಕೊಳೆತವು.

"ತರಬೇತಿಗೆ ಹೋದವಳು ಮನೆ ಹಾಳು ಮಾಡಿದ್ಲು," ಎಂದಿತು ಊರು.

ಸುದ್ದಿ ತಿಳಿದು ತರಬೇತಿಯ ಮೇಡಂ ಮನೆಗೇ ಬಂದರು. "ಎಲ್ಲಿ ಎಡವಟ್ಟಾಯ್ತಮ್ಮಾ?" ಎಂದು ಕೇಳಿದರು. ಬಾಗಿಲ ಹಿಂದೆ ಮುದುಕ ಕಿವಿಗೊಟ್ಟು ನಿಂತಿದ್ದ.

"ನನ್ನದೇ ತಪ್ಪು ಮೇಡಂ. ಗೊಬ್ಬರ ಹೆಚ್ಚಾಯ್ತು," ಎಂದಳು ಸೊಸೆ.

ಅವಳಿಗೆ ಎಲ್ಲ ಗೊತ್ತಿದೆ ಎಂದು ಮುದುಕನಿಗೆ ಆಗ ತಿಳಿಯಿತು.

ಮರುದಿನ ಅಂಗಡಿಯಲ್ಲಿ, ಯಾರೂ ಕೇಳದಿದ್ದರೂ, ಅವನೇ ಬಾಯಿ ಬಿಟ್ಟ. "ಆ ಯೂರಿಯಾ ಎರಚಿದ್ದು ನಾನು. ಅವಳು ಬೇಡ ಅಂದಿದ್ಲು. ಕದ್ದು ಹಾಕ್ದೆ."

ಅಂಗಡಿಯವನು ಅವನ ಹೆಗಲು ತಟ್ಟಿದ. "ಇರ್ಲಿ ಬಿಡಣ್ಣ. ಸೊಸೆ ಮಾನ ಉಳಿಸೋಕೆ ನೀನಲ್ದೆ ಇನ್ಯಾರು ಹೀಗೆ ಹೇಳ್ತಾರೆ?"

"ಅಯ್ಯೋ, ನಿಜ ಕಣಪ್ಪಾ!"

ಆಣೆ ಹಾಕಿದ. ಹಾಕಿದಷ್ಟೂ ಅವನ ಒಳ್ಳೆಯತನವೇ ದೊಡ್ಡದಾಯಿತು. ಸೊಸೆಯ ತಲೆಯ ಮೇಲಿನ ಅಪವಾದ ಅಲ್ಲಾಡಲಿಲ್ಲ.

ಮುಂದಿನ ಬಿತ್ತನೆಗೆ ಮುಂಚೆ ತರಬೇತಿ ಮತ್ತೆ ಏರ್ಪಾಡಾಯಿತು. ಸೊಸೆ ಹೊರಡುವ ಲಕ್ಷಣ ಕಾಣಲಿಲ್ಲ. ಕಸಬರಿಗೆ ಹಿಡಿದು ಗುಡಿಸಿದ ಅಂಗಳವನ್ನೇ ಗುಡಿಸುತ್ತಿದ್ದಳು.

"ನಡಿಯಮ್ಮಾ, ಹೊತ್ತಾಯ್ತು," ಎಂದ ಮುದುಕ. "ನಾನೂ ಬರ್ತೀನಿ."

ಸಭಾಂಗಣದಲ್ಲಿ ಸಾಲು ಸಾಲು ಕುರ್ಚಿಗಳು ಖಾಲಿ ಬಿದ್ದಿದ್ದವು. ಊರಿನಿಂದ ಬೇರೆ ಯಾರೂ ಬಂದಿರಲಿಲ್ಲ. ಮೇಡಂ ಗೋಡೆಯ ಚಿತ್ರಪಟ ಬಿಚ್ಚಿ ಸುತ್ತುತ್ತಿದ್ದರು. ಮುದುಕ ನೇರ ಮುಂದಿನ ಸಾಲಿಗೆ ಹೋಗಿ ಕೂತ.

"ಯೂರಿಯಾ ಹೆಚ್ಚಾದ್ರೆ ಕಾಂಡ ಯಾಕೆ ಮೆತ್ತಗಾಗುತ್ತೆ ಮೇಡಂ? ಮೊದಲಿಂದ ಹೇಳಿ. ನಾಳೆ ನಾನು ಅಂಗಡೀಲಿ ಹೇಳ್ಬೇಕು."

"ಅವರು ನಂಬ್ತಾರಾ ಯಜಮಾನ್ರೇ?"

"ಇಲ್ಲ. ನಗ್ತಾರೆ," ಎಂದ ಮುದುಕ. "ಆದ್ರೂ ಹೇಳ್ಬೇಕು."

ಬಾಗಿಲಲ್ಲೇ ನಿಂತಿದ್ದ ಸೊಸೆ ಒಳಗೆ ಬಂದು, ಮಾವನ ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು.