ಹನ್ನೆರಡನೆಯ ಚಾಕು

ಆ ಮನೆಗೆ ಸೊಸೆಯಾಗಿ ಬಂದಾಗ ಅವಳಿಗೆ ಚಾಕು ಎಂದರೆ ತರಕಾರಿ ಹೆಚ್ಚುವ ಸಾಧನ, ಅಷ್ಟೇ. ಗಂಡ ಬಸ್ಸು ಓಡಿಸುತ್ತಿದ್ದ. ಅಪ್ಪನ ಕಸುಬಿನ ತಂಟೆಗೆ ಎಂದೂ ಹೋದವನಲ್ಲ. ಮನೆಯ ಮುಂದಿನ ಕೋಣೆಯಲ್ಲಿ, ಕಿಟಕಿಯ ಕೆಳಗಿನ ಉದ್ದ ಮೇಜಿನ ಮೇಲೆ ಮಾವ ಜೇಬಿನಲ್ಲಿಡುವ ಮಡಚು ಚಾಕುಗಳನ್ನು ಮಾಡುತ್ತಿದ್ದರು. ಮೂಲೆಯಲ್ಲಿ ಅತ್ತೆಯ ಪಾಲಿಶ್ ಚಕ್ರ ಗುಂಯ್‌ಗುಡುತ್ತಿತ್ತು.

ಒಮ್ಮೆ ಮಾವನ ಹೆಬ್ಬೆರಳಿಗೆ ಪೆಟ್ಟಾಗಿ ಕೆಲಸ ನಿಂತಿತ್ತು. ಸೊಸೆ ಸುಮ್ಮನೆ ಅರ ಎತ್ತಿಕೊಂಡು ಹಿತ್ತಾಳೆಯ ತುಂಡೊಂದನ್ನು ಉಜ್ಜಿದಳು. “ಅರ ಹಾಗಲ್ಲಮ್ಮ ಹಿಡಿಯೋದು,” ಎಂದರು ಮಾವ. ಅಲ್ಲಿಗೆ ಶುರುವಾದದ್ದು ಆರು ವರ್ಷ ನಡೆಯಿತು.

ಮೊದಲ ವರ್ಷ ಅವಳು ಮಾಡಿದ ಒಂದು ಚಾಕುವೂ ಅಂಗಡಿಯ ಮುಖ ನೋಡಲಿಲ್ಲ. ಮಾವ ಚಾಕುವನ್ನು ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದರು. ಅಲಗನ್ನು ಬಿಗಿಹಿಡಿಯುವ ಬೆನ್ನಿನ ಸ್ಪ್ರಿಂಗಿಗೂ ಅದರ ಅಕ್ಕಪಕ್ಕದ ಹಿತ್ತಾಳೆ ತಗಡಿಗೂ ನಡುವೆ ಕೂದಲೆಳೆಯಷ್ಟು ಬೆಳಕು ಕಂಡರೂ ಸಾಕು, ಅದು ಗುಜರಿ ಡಬ್ಬಕ್ಕೆ. “ಬೆಳಕು ನುಗ್ಗೋ ಕಡೆ ನೀರೂ ನುಗ್ಗುತ್ತೆ. ವರ್ಷ ತಿರುಗೋದ್ರೊಳಗೆ ತುಕ್ಕು,” ಎನ್ನುತ್ತಿದ್ದರು. ಬೆಳಕಿನ ಪರೀಕ್ಷೆ ಗೆದ್ದರೆ ಸದ್ದಿನ ಪರೀಕ್ಷೆ: ಮಡಚಿದಾಗ ಟಕ್ಕೆನ್ನಬೇಕು, ಟಪ್ಪೆನ್ನಬಾರದು. ಸೊಸೆ ಮುಖ ಊದಿಸಿಕೊಂಡರೆ ಅತ್ತೆ ಚಕ್ರ ನಿಲ್ಲಿಸಿ ಹೇಳುತ್ತಿದ್ದರು: “ನನ್ನನ್ನೂ ಹೀಗೇ ಬೆಳಕಿಗೆ ಹಿಡಿದು ನೋಡಿ ಮದುವೆ ಆದ್ರಾ ಅಂತ ಕೇಳು ಅವರನ್ನ.”

ಆರನೆಯ ವರ್ಷದ ಹೊತ್ತಿಗೆ ಅವಳ ಚಾಕುಗಳು ಡಬ್ಬದ ದಾರಿ ಮರೆತಿದ್ದವು. ಆಗಲೇ ಸಸಿ ತೋಟದ ಒಡತಿಯೊಬ್ಬರು ಗಿಡಗಳಿಗೆ ಕಸಿ ಕಟ್ಟಲು ಹನ್ನೆರಡು ಚಾಕು ಬೇಕೆಂದು ಹೇಳಿ ಹೋದರು. ಬೀದಿಯಲ್ಲೆಲ್ಲ ಅವರಿಗೆ ಕಸಿ ಮೇಡಂ ಎಂದೇ ಹೆಸರು. ಆರು ಚಾಕು ಮಾವ ಮಾಡಿದರು, ಆರು ಸೊಸೆ.

ಒಯ್ಯುವ ದಿನ ಕಸಿ ಮೇಡಂ ಬಾಗಿಲಲ್ಲೇ ನಿಂತು ಅವಸರ ಮಾಡುತ್ತಿದ್ದರು. ಮಾವ ಒಂದೊಂದನ್ನೇ ಬೆಳಕಿಗೆ ಹಿಡಿದು, ಟಕ್ಕೆನಿಸಿ, “ಹೂಂ” ಎಂದು ದಾಟಿಸುತ್ತಿದ್ದರು. ಸೊಸೆ ಎಣ್ಣೆ ಕಾಗದದಲ್ಲಿ ಸುತ್ತುತ್ತಿದ್ದಳು. ಹನ್ನೆರಡನೆಯದು ಕೈಗೆ ಬಂದಾಗ ಅಭ್ಯಾಸಬಲದಿಂದ ಅವಳೂ ಅದನ್ನು ಕಿಟಕಿಗೆ ಹಿಡಿದಳು. ಸ್ಪ್ರಿಂಗಿನ ನಡುಭಾಗದಲ್ಲಿ ತೆಳುವಾದ ಬೆಳಕಿನ ಗೆರೆ!

ಅದು ಮಾವ ತಮ್ಮ ಕೈಯಾರೆ ಮಾಡಿದ ಚಾಕು. ಗೆರೆ ಕಂಡಿದ್ದರೆ ಅವರು ಬಿಡುತ್ತಿದ್ದರೇ? ಅಂದರೆ ಅವರಿಗೆ ಕಾಣಲಿಲ್ಲ. ಈಗ ಹೇಳಿದರೆ ಹೊರಗಿನವರೆದುರು ಹಿರಿಯರ ಮರ್ಯಾದೆ ಹೋದಂತೆ. ಸುಮ್ಮನಿದ್ದರೆ ಆರು ವರ್ಷ ಕಲಿತದ್ದಕ್ಕೆ ಏನು ಅರ್ಥ? ಅವಳು ಕಾಗದವನ್ನು ಪಕ್ಕಕ್ಕಿಟ್ಟಳು.

“ಮಾವ, ಇದು ಹೋಗಲ್ಲ.”

ಚಕ್ರ ನಿಂತಿತು. ಮಾವ ತಿರುಗಿದರು. “ನಾನು ನೋಡಿದೀನಲ್ಲ?”

“ನೋಡಿದೀರಿ. ಆದ್ರೂ ಹೋಗಲ್ಲ.”

ಕಸಿ ಮೇಡಂ ಚಾಕುವನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. “ಏನಾಗಿದೆ ಇದಕ್ಕೆ? ಚೆನ್ನಾಗೇ ಇದೆಯಲ್ಲ! ನನಗೆ ಇವತ್ತೇ ಬೇಕು, ಕೊಟ್ಟುಬಿಡಿ.”

ಮಾವನ ಮುಖ ಕೆಂಪಾಗಿತ್ತು. ಚಾಕುವನ್ನು ವಾಪಸು ಪಡೆದು ಮತ್ತೆ ಬೆಳಕಿಗೆ ಹಿಡಿದರು, ಕಣ್ಣು ಕಿರಿದು ಮಾಡಿದರು, ಹತ್ತಿರ ತಂದರು, ದೂರ ಒಯ್ದರು. ಸೊಸೆಗೆ ನೋಡಲಾಗಲಿಲ್ಲ. “ಮಾವ, ಉಗುರು ಎಳೆದು ನೋಡಿ,” ಎಂದಳು ಮೆಲ್ಲಗೆ.

ಅವರು ಸ್ಪ್ರಿಂಗಿನ ಅಂಚಿನಗುಂಟ ಹೆಬ್ಬೆರಳ ಉಗುರು ಎಳೆದರು. ನಡುವಿಗೆ ಬರುತ್ತಲೇ ಉಗುರು ತಡೆಯಿತು. ಮತ್ತೊಮ್ಮೆ ಎಳೆದರು. ಅಲ್ಲೇ ತಡೆಯಿತು.

“ಮೇಡಂ,” ಎಂದರು ಮಾವ, ಬೆನ್ನು ನೆಟ್ಟಗೆ ಮಾಡಿ, “ಇವತ್ತು ಹನ್ನೊಂದೇ. ಇದು ನಾನು ಮಾಡಿದ್ದು, ಕೆಟ್ಟಿದೆ. ಇದರ ಸಂದಿಗೆ ಗಿಡದ ಸೊನೆ ಇಳಿದು ಚಾಕು ಕಚ್ಚಿಕೊಳ್ಳುತ್ತೆ. ನಮ್ಮ ಸೊಸೆ ಕಣ್ಣಿಗೆ ಬಿತ್ತು, ನನ್ನ ಕಣ್ಣಿಗೆ ಬೀಳಲಿಲ್ಲ.”

ಕಸಿ ಮೇಡಂ ಸೊಸೆಯನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. “ಗಟ್ಟಿಗಿತ್ತಿ ಕಣ್ರೀ,” ಎಂದು ಹನ್ನೊಂದನ್ನು ಚೀಲಕ್ಕೆ ಹಾಕಿಕೊಂಡು ಹೊರಟರು.

ಅವರು ಹೋದದ್ದೇ ತಡ, ಅತ್ತೆ ಬಾಯಿ ಬಿಟ್ಟರು. “ಎರಡು ವರ್ಷದಿಂದ ಬಡ್ಕೋತಿದೀನಿ, ಕಣ್ಣು ತೋರಿಸ್ಕೊಳ್ಳಿ ಅಂತ. ಸೂಜಿಗೆ ದಾರ ಪೋಣಿಸಿಕೊಡಿ ಅಂದ್ರೆ ಸೂಜೀನೇ ಸರಿಯಿಲ್ಲ ಅಂತಾರೆ!”

ಮಾವ ಜೋರಾಗಿ ನಕ್ಕುಬಿಟ್ಟರು. ಸೊಸೆಗೆ ಹೋದ ಜೀವ ಬಂದಂತಾಯಿತು. “ಬೇಜಾರಾಯ್ತಾ ಮಾವ?” ಎಂದು ಕೇಳಿದಳು.

“ಬೇಜಾರಾಯ್ತು. ಸುಳ್ಳು ಯಾಕೆ ಹೇಳ್ಲಿ? ಆದ್ರೆ ನೀನು ಬಾಯಿ ಮುಚ್ಕೊಂಡು ಅದನ್ನ ಸುತ್ತಿಕೊಟ್ಟಿದ್ದು ನನಗೆ ನಾಳೆ ಗೊತ್ತಾಗಿದ್ರೆ, ಇದಕ್ಕಿಂತ ಹೆಚ್ಚು ಬೇಜಾರಾಗ್ತಿತ್ತು.” ಚಾಕುವನ್ನು ಅವಳ ಮುಂದೆ ತಳ್ಳಿದರು. “ಬಿಚ್ಚು. ನೀನೇ ಮಾಡು.”

ಅವಳು ಮೊಳೆಗಳನ್ನು ಹೊಡೆದು ತೆಗೆದಳು. ಸ್ಪ್ರಿಂಗಿನ ಅಂಚು ಒಂದು ಕಡೆ ಅರದ ಉಜ್ಜಿಗೆ ಹೆಚ್ಚು ಸವೆದಿತ್ತು. ಅದನ್ನು ಬಿಸಾಡಿ ಹೊಸ ಉಕ್ಕು ಕೊಯ್ದಳು. ಉಜ್ಜಿದಳು, ಕಾಯಿಸಿದಳು, ಎಣ್ಣೆಯಲ್ಲಿ ಅದ್ದಿ ತಣಿಸಿದಳು, ಬಿರುಸು ಇಳಿಸಲು ಮತ್ತೆ ಹದವಾಗಿ ಕಾಯಿಸಿದಳು. ಮೊದಲನೆಯದು ಅವಳಿಗೇ ಹಿಡಿಸಲಿಲ್ಲ. ಎರಡನೆಯದನ್ನು ಕೂರಿಸಿ ಮೊಳೆ ಬಡಿದು, ಅಲಗನ್ನೂ ತಾನೇ ಹೊಸದಾಗಿ ಮಸೆಯುವ ಹೊತ್ತಿಗೆ ನಾಲ್ಕು ದಿನ ಕಳೆದಿತ್ತು. ಮಾವ ಪಕ್ಕದ ಸ್ಟೂಲಿನಲ್ಲಿ ಕೂತಿದ್ದರು, ಒಂದು ಸಲವೂ ಕೈ ಹಾಕಲಿಲ್ಲ. ಕೊನೆಗೆ ಉಗುರು ಎಳೆದರು. ಎಲ್ಲೂ ತಡೆಯಲಿಲ್ಲ.

ಮರುವಾರ ಕಸಿ ಮೇಡಂ ತಾವೇ ಬಂದರು. ಹೊರಗೆ ಬೇಲಿಯ ಕಡ್ಡಿಯೊಂದನ್ನು ಮುರಿದು ತಂದು, ಹೊಸ ಚಾಕುವಿನಿಂದ ಓರೆಯಾಗಿ ಒಂದೇ ಏಟಿಗೆ ಕೊಯ್ದರು. ಕೊಯ್ದ ಮುಖ ಗಾಜಿನಂತೆ ನುಣುಪಾಗಿತ್ತು. ಅದರ ಮೇಲೆ ಬೆರಳಾಡಿಸಿದರು.

“ಇದು ಯಾರ ಕೈಯದು?”

ಮಾವ ಬಾಯಿ ತೆರೆದವರು ಮುಚ್ಚಿಕೊಂಡು ಸೊಸೆಯ ಕಡೆ ನೋಡಿದರು.

“ನನ್ನದು,” ಎಂದಳು ಅವಳು.

ಕಸಿ ಮೇಡಂ ತಾವು ಇಪ್ಪತ್ತು ವರ್ಷದಿಂದ ಬಳಸುತ್ತಿದ್ದ ಚಾಕುವನ್ನು ಜೇಬಿನಿಂದ ತೆಗೆದರು. “ಕೆಲಸದವರಿಗೆ ಇದನ್ನ ಕೊಡ್ತೀನಿ,” ಎನ್ನುತ್ತ ಹೊಸದನ್ನು ತಮ್ಮ ಜೇಬಿಗಿಳಿಸಿದರು.

ಮಾವ ಅದೇ ಸಂಜೆ ಕಣ್ಣಿನ ಡಾಕ್ಟರ ಹತ್ತಿರ ಹೋದರು. ಅಲ್ಲಿ ಸಾಲಿನಲ್ಲಿ ಕೂತವರಿಗೆಲ್ಲ, ಕೇಳಿದವರಿಗೂ ಕೇಳದವರಿಗೂ, ತಮ್ಮ ಕಣ್ಣು ಕೆಟ್ಟದ್ದನ್ನು ಸೊಸೆ ಹೇಗೆ ಕಂಡುಹಿಡಿದಳೆಂದು ಬಣ್ಣಿಸಿ ಹೇಳಿದರಂತೆ.