ಚಿತ್ರ ಹಾಗೇ ಇರಲಿ, ದನಿ ಬದಲಾಗಲಿ

ಮೂವತ್ತೊಂದು ವರ್ಷ ಆ ರೈಲು ನಿಲ್ದಾಣದ ಧ್ವನಿವರ್ಧಕದಲ್ಲಿ ಕೇಳಿಸಿದ್ದು ಅವರೊಬ್ಬರದೇ ದನಿ. ರೈಲು ಒಂದು ಗಂಟೆ ತಡ ಎಂದು ಅವರು ಹೇಳಿದರೆ ಸಿಟ್ಟು ಕೂಡ ಬರುವುದಿಲ್ಲ ಎಂದು ದಿನಾ ಓಡಾಡುವ ಪ್ರಯಾಣಿಕರು ನಗುತ್ತಿದ್ದರು. ಕಸ ಗುಡಿಸುವವರಿಂದ ಸ್ಟೇಷನ್ ಮಾಸ್ಟರ್‌ವರೆಗೆ ಎಲ್ಲರೂ ಅವರನ್ನು ಮೈಕಮ್ಮ ಎಂದೇ ಕರೆಯುತ್ತಿದ್ದರು. ಎಂಟು ತಿಂಗಳ ಹಿಂದೆ ಗಂಟಲಿನ ಗಡ್ಡೆ ತೆಗೆಯುವಾಗ ವೈದ್ಯರು ಧ್ವನಿಪೆಟ್ಟಿಗೆಯನ್ನೂ ತೆಗೆಯಬೇಕಾಯಿತು. ಜೀವ ಉಳಿಯಿತು, ದನಿ ಹೋಯಿತು. ಈಗ ಅವರು ಒಂದು ಪುಟ್ಟ ಪುಸ್ತಕದಲ್ಲಿ ಬರೆದು ಮಾತಾಡುತ್ತಿದ್ದರು. ಬರವಣಿಗೆಗೆ ಬಂದ ಮೇಲೂ ನಾಲಿಗೆಯ ಹರಿತವೇನೂ ಕಡಿಮೆಯಾಗಿರಲಿಲ್ಲ. ಗಂಜಿಗೆ ಉಪ್ಪು ಸಾಲದಿದ್ದರೆ 'ಗಂಟಲು ಹೋಗಿದೆ, ನಾಲಿಗೆ ಇದೆ' ಎಂದು ಬರೆದು ಸೊಸೆಯ ಮುಂದೆ ಹಿಡಿಯುತ್ತಿದ್ದರು.

ಸೊಸೆಗೆ ನಿಲ್ದಾಣದ ಎದುರಿಗೇ ಒಂದು ಅಂಗಡಿ. ಜೆರಾಕ್ಸ್ ಮಾಡುವುದು, ಗುರುತಿನ ಚೀಟಿಗೆ ಫೋಟೊ ತೆಗೆಯುವುದು, ಜನ ತಂದುಕೊಟ್ಟ ಹಳೇ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುವುದು ಅವಳ ಕೆಲಸ. ಊರಿನವರ ತಾತ ಅಜ್ಜಿಯರ ದನಿಗಳನ್ನೆಲ್ಲ ಕಾಪಾಡಿದ ಅವಳ ಬಳಿ ಸ್ವಂತ ಅತ್ತೆಯ ದನಿ ಮಾತ್ರ ಇರಲಿಲ್ಲ. ದಿನವೂ ಕಿಟಕಿಯಿಂದ ತೇಲಿಬರುತ್ತಿದ್ದದ್ದನ್ನು ಹಿಡಿದಿಡಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ. ಆಪರೇಷನ್ ಆದ ಮೇಲೆ ಅದು ನೆನಪಾಗಿ ಅಂಗಡಿಯ ಹಿಂಬದಿಯಲ್ಲಿ ಒಬ್ಬಳೇ ಕೂತು ಅತ್ತಿದ್ದಳು.

ಉಳಿದದ್ದು ಒಂದೇ ಒಂದು. ಆಪರೇಷನ್ನಿಗೆ ಎರಡು ತಿಂಗಳ ಮುಂಚೆ ಸಾಕ್ಷ್ಯಚಿತ್ರ ಮಾಡುವವರು ಬಂದು ನಿಲ್ದಾಣದ ಒಂದು ದಿನವನ್ನು ಚಿತ್ರಿಸಿಕೊಂಡು ಹೋಗಿದ್ದರು. ಇಪ್ಪತ್ತೈದು ನಿಮಿಷದ ಆ ಚಿತ್ರ ಈಗ ಸಿದ್ಧವಾಗಿತ್ತು. ಹೊಸ ವಿಶ್ರಾಂತಿ ಕೊಠಡಿ ತೆರೆಯುವ ದಿನ, ಬೆಳಿಗ್ಗೆ ಹನ್ನೊಂದಕ್ಕೆ, ಅಲ್ಲಿನ ದೊಡ್ಡ ಪರದೆಯ ಮೇಲೆ ಅದನ್ನು ತೋರಿಸುವುದೆಂದು ಸ್ಟೇಷನ್ ಮಾಸ್ಟರ್ ನಿಶ್ಚಯಿಸಿದರು. ಮೈಕಮ್ಮನಿಗೆ ಮುಂದಿನ ಸಾಲಿನಲ್ಲಿ ಕುರ್ಚಿ.

ಹತ್ತೂ ಕಾಲಿಗೆ ಒಮ್ಮೆ ಹಾಕಿ ನೋಡಿದರು. ಚಿತ್ರ ಕನ್ನಡಿಯಷ್ಟು ಸ್ವಚ್ಛವಾಗಿ ಮೂಡಿತು. ಹಳಿ, ಮಂಜು, ಗಾಜಿನ ಕೋಣೆಯಲ್ಲಿ ಮೈಕಿನ ಮುಂದೆ ಅತ್ತೆ. ತುಟಿ ಆಡುತ್ತಿತ್ತು. ಸದ್ದಿಲ್ಲ. ಪರದೆಯ ಮೂಲೆಯಲ್ಲಿ ಒಂದು ಸಾಲು ಬಂತು: ಈ ಧ್ವನಿ ಮಾದರಿಯನ್ನು ನುಡಿಸಲಾಗದು.

"ಸೌಂಡ್ ಜಾಸ್ತಿ ಮಾಡ್ರಿ," ಎಂದರು ಸ್ಟೇಷನ್ ಮಾಸ್ಟರ್.

"ಸೊನ್ನೆಯನ್ನ ಎಷ್ಟು ಜಾಸ್ತಿ ಮಾಡಿದ್ರೂ ಸೊನ್ನೇನೇ ಸಾರ್," ಎಂದ ಸೊಸೆಯ ಮೈದುನ. ಕಂಪ್ಯೂಟರ್ ರಿಪೇರಿ ಕಲಿತವನು. ಮನೆಯಲ್ಲಿ ಅವನಿಗೆ ಎಲ್ಲಬಲ್ಲ ಎಂದು ಅಡ್ಡಹೆಸರು, ಹೊಗಳಿ ಇಟ್ಟದ್ದಲ್ಲ. ಅವನು ತನ್ನ ಲ್ಯಾಪ್‌ಟಾಪಿನಲ್ಲಿ ಅದೇ ಫೈಲನ್ನು ತೆರೆದ. ಅಲ್ಲಿ ಅತ್ತೆಯ ದನಿ ಕೇಳಿಸಿತು, ಸಣ್ಣಗೆ, ಸೊಳ್ಳೆಯ ಹಾಗೆ. ಆದರೆ ಪರದೆ ಗೋಡೆಯ ಮೇಲೆ, ಏಣಿ ಹಾಕಿದರೂ ನಿಲುಕದ ಎತ್ತರದಲ್ಲಿ, ಗಾಜಿನ ಪೆಟ್ಟಿಗೆಯೊಳಗಿತ್ತು. ಕೈಗೆ ಸಿಗುತ್ತಿದ್ದದ್ದು ಕೆಳಗೆ ಇಳಿಬಿಟ್ಟ ಪೆನ್‌ಡ್ರೈವಿನ ವೈರು ಒಂದೇ. ಲ್ಯಾಪ್‌ಟಾಪಿನ ಪಕ್ಕ ಮೈಕು ಹಿಡಿದು ನೋಡಿದರು. ಅದು ಕಿವಿ ಹರಿಯುವ ಹಾಗೆ ಕಿರುಚಿತು.

"ಪೂರ್ತಿ ವಿಡಿಯೋನೇ ಕನ್ವರ್ಟ್ ಮಾಡ್ಬೇಕು, ಬೇರೆ ದಾರಿ ಇಲ್ಲ," ಎಂದು ಎಲ್ಲಬಲ್ಲ ಶುರು ಹಚ್ಚಿಕೊಂಡ. ಫ್ಯಾನು ಬುಸುಗುಟ್ಟಿತು. ಅವನ ಮುಖ ಸಣ್ಣಗಾಯಿತು. "ಎರಡೂವರೆ ಗಂಟೆ ತೋರಿಸ್ತಾ ಇದೆ ಅತ್ತಿಗೆ."

ಗಡಿಯಾರ ಹತ್ತೂ ಇಪ್ಪತ್ತೆಂಟು. ಅತಿಥಿಗಳು ಬರತೊಡಗಿದ್ದರು.

"ಹಾಗಾದ್ರೆ ಸದ್ದಿಲ್ದೇ ತೋರಿಸಿಬಿಡೋಣ," ಎಂದರು ಸ್ಟೇಷನ್ ಮಾಸ್ಟರ್. "ಮೈಕಮ್ಮನ ಮುಖ ಆದ್ರೂ ಕಾಣುತ್ತಲ್ಲ."

ಸೊಸೆ ಅತ್ತೆಯ ಕಡೆ ನೋಡಿದಳು. ಅವರು ಪುಸ್ತಕವನ್ನು ಮಡಿಲಲ್ಲಿ ಮುಚ್ಚಿಟ್ಟು, ಕೈ ಕಟ್ಟಿಕೊಂಡು, ನೆಲ ನೋಡುತ್ತ ಕೂತಿದ್ದರು. ಎಂಟು ತಿಂಗಳಿಂದ ಕನ್ನಡಿಯಲ್ಲಿ ದಿನವೂ ಕಂಡದ್ದು ಅದೇ ಅಲ್ಲವೇ, ದನಿಯಿಲ್ಲದೆ ಆಡುವ ತುಟಿ? ಅದನ್ನೇ ಇನ್ನೂರು ಜನರ ಎದುರು, ಗೋಡೆಯಗಲ ಮಾಡಿ ತೋರಿಸುವುದೇ?

"ನಿಲ್ಸು ಅದನ್ನ," ಎಂದಳು ಮೈದುನನಿಗೆ. "ಚಿತ್ರಕ್ಕೆ ಏನಾಗಿದೆ?"

"ಅಂದ್ರೆ?"

"ಪರದೆಗೆ ಚಿತ್ರ ಒಪ್ಪಿಗೆ ಆಗಿದೆ. ದನಿ ಮಾತ್ರ ಒಪ್ಪಿಗೆ ಆಗ್ತಿಲ್ಲ. ಮತ್ತೆ ಚಿತ್ರ ಯಾಕೆ ಮುಟ್ಟಬೇಕು? ಅಂಗಿ ಗುಂಡಿ ಕಿತ್ತುಹೋದ್ರೆ ಬಟ್ಟೆ ನೇಯೋಕೆ ಕೂರ್ತೀವಾ?"

ಕ್ಯಾಸೆಟ್ಟುಗಳ ಸಹವಾಸದಲ್ಲಿ ಅವಳು ಕಲಿತದ್ದು ಅದೇ. ವಿಡಿಯೋ ಫೈಲು ಒಂದು ಪೆಟ್ಟಿಗೆ ಇದ್ದ ಹಾಗೆ. ಒಳಗೆ ಚಿತ್ರ ಬೇರೆ, ದನಿ ಬೇರೆ ಮಡಿಸಿಟ್ಟಿರುತ್ತದೆ. ಸಾಕ್ಷ್ಯಚಿತ್ರದವರು ಚಿತ್ರಮಂದಿರದ ಲೆಕ್ಕದಲ್ಲಿ ದನಿಯನ್ನು ಮಡಿಸಿದ್ದರು. ಗೋಡೆಯ ಪರದೆಗೆ ಆ ಮಡಿಕೆ ಬಿಚ್ಚಲು ಬಾರದು. ಚಿತ್ರವನ್ನು ಇದ್ದಂತೆಯೇ ಎತ್ತಿ ಹೊಸ ಪೆಟ್ಟಿಗೆಗೆ ಹಾಕಿ, ದನಿಯನ್ನಷ್ಟೇ ಬೇರೆ ಮಾದರಿಯಲ್ಲಿ ಮಡಿಸಿದರೆ ಸಾಕು. ಭಾರದ ಕೆಲಸವೆಲ್ಲ ಚಿತ್ರದ್ದು, ದನಿಯದು ಹಗುರ.

ಅವಳು ರಸ್ತೆ ದಾಟಿ ಅಂಗಡಿಗೆ ಓಡಿದಳು. ಪೆನ್‌ಡ್ರೈವ್ ಹಿಡಿದು ಮೈದುನನೂ ಹಿಂದೆ ಓಡಿದ. ಕಂಪ್ಯೂಟರಿನಲ್ಲಿ ಆಜ್ಞೆ ಬರೆಯುವ ಕಪ್ಪು ಕಿಟಕಿ ತೆರೆದು ಒಂದು ಸಾಲು ಬರೆದಳು: ಈ ಫೈಲು ತಗೋ, ಚಿತ್ರವನ್ನು ನಕಲು ಮಾಡು, ದನಿಯನ್ನು ಹೊಸ ಮಾದರಿಗೆ ತಿರುಗಿಸು. ಕಂಪ್ಯೂಟರಿಗೆ ತಿಳಿಯುವ ಭಾಷೆಯಲ್ಲಿ ಅಷ್ಟೂ ಒಂದೇ ಗೆರೆ. ಒತ್ತಿದಳು. ಅಂಕಿಗಳು ಇರುವೆ ಸಾಲಿನಂತೆ ಓಡಿದವು. ನಲವತ್ತು ಸೆಕೆಂಡಿಗೆ ನಿಂತವು.

"ಮುಗೀತಾ?" ಎಂದ ಮೈದುನ. "ಇಷ್ಟೇನಾ?"

ವಾಪಸು ಓಡಿ ಪೆನ್‌ಡ್ರೈವ್ ಚುಚ್ಚಿದರು. ಹತ್ತೂ ನಲವತ್ತೊಂದು. ಪರದೆಯ ಮೇಲೆ ಬೆಳಗಾಯಿತು, ರೈಲಿನ ಸಿಳ್ಳೆ ಕೊಠಡಿಯ ಗಾಜುಗಳನ್ನು ನಡುಗಿಸಿತು. "ಬಂತು!" ಎಂದು ಸ್ಟೇಷನ್ ಮಾಸ್ಟರ್ ಕೈ ಮೇಲೆತ್ತಿದರು. ಚಕ್ರದ ಸದ್ದು, ಹೆಜ್ಜೆಯ ಸದ್ದು, ಹಿಂದೆ ಎಲ್ಲೋ ಪಿಟೀಲು. ಅತ್ತೆ ಮೈಕಿನ ಮುಂದೆ ಬಂದರು. ತುಟಿ ತೆರೆದರು.

ಪಿಟೀಲು ಮಾತ್ರ ಕೇಳಿಸಿತು.

ಸ್ಟೇಷನ್ ಮಾಸ್ಟರರ ಕೈ ನಿಧಾನಕ್ಕೆ ಇಳಿಯಿತು. ಮುಂದಿನ ಸಾಲಿನಲ್ಲಿ ಅತ್ತೆ ಕಣ್ಣು ಮುಚ್ಚಿಕೊಂಡರು. ಸೊಸೆ ಪರದೆಯನ್ನೇ ದಿಟ್ಟಿಸಿದಳು. ಲ್ಯಾಪ್‌ಟಾಪಿನಲ್ಲಿ ತಾನೇ ಕಿವಿಯಾರೆ ಕೇಳಿದ್ದಳಲ್ಲ. ದನಿ ಇತ್ತು. ಇದ್ದದ್ದು ಎಲ್ಲಿ ಹೋಗಲು ಸಾಧ್ಯ?

"ಅತ್ತಿಗೆ," ಎಂದ ಮೈದುನ, ಈ ಸಲ ಮೆತ್ತಗೆ. "ಪೆಟ್ಟಿಗೇಲಿ ದನಿ ಎರಡು ಇದ್ರೆ?"

ಅವಳು ಅವನ ಮುಖ ನೋಡಿದಳು. ಎಲ್ಲಬಲ್ಲನಿಗೆ ನಿಜಕ್ಕೂ ಒಂದು ವಿಷಯ ಗೊತ್ತಿತ್ತು.

ಮತ್ತೆ ರಸ್ತೆ. ಸೈಕಲ್ಲಿನವನೊಬ್ಬ ಬೈದುಕೊಂಡು ಪಕ್ಕಕ್ಕೆ ಸರಿದ. ಫೈಲಿನ ಒಳಗೆ ಏನೇನಿದೆ ಎಂದು ಕೇಳಿದಾಗ ಕಪ್ಪು ಕಿಟಕಿ ಪಟ್ಟಿ ಕೊಟ್ಟಿತು: ಚಿತ್ರ ಒಂದು, ದನಿ ಎರಡು. ಮೊದಲನೆಯದು ಬರೀ ಹಿನ್ನೆಲೆ ಸದ್ದು ಮತ್ತು ಸಂಗೀತ. ಎರಡನೆಯದರಲ್ಲಿ ಮಾತೂ ಸೇರಿತ್ತು. ಲ್ಯಾಪ್‌ಟಾಪು ತಾನಾಗಿ ಎರಡನೆಯದನ್ನು ಆರಿಸಿಕೊಂಡಿತ್ತು. ಇವಳು ಯಾವುದೆಂದು ಹೇಳದ್ದರಿಂದ ಇಲ್ಲಿ ಮೊದಲನೆಯದು ಬಂದಿತ್ತು. ಗೆರೆಯ ನಡುವೆ ಇನ್ನೊಂದು ಮಾತು ಸೇರಿಸಿದಳು: ಎರಡನೆಯ ದನಿ. ಅವಸರಕ್ಕೆ ಒಂದಕ್ಷರ ತಪ್ಪಿತು. ಕಿಟಕಿ ಕೆಂಪು ಅಕ್ಷರದಲ್ಲಿ ಗದರಿತು. ತಿದ್ದಿದಳು. ಒತ್ತಿದಳು. ಈ ಸಲ ಅಂಗಡಿಯಲ್ಲೇ ತೆರೆದು, ಅತ್ತೆ ಬರುವ ಜಾಗಕ್ಕೆ ಓಡಿಸಿ, ಕಿವಿ ಹಚ್ಚಿ ಕೇಳಿದಳು. ಎರಡು ಶಬ್ದ ಕೇಳಿದ್ದೇ ತಡ, ಪೆನ್‌ಡ್ರೈವ್ ಕಿತ್ತುಕೊಂಡು ಚಪ್ಪಲಿ ಹಾಕುವುದನ್ನೂ ಮರೆತು ಓಡಿದಳು.

ಹನ್ನೊಂದಕ್ಕೆ ಎರಡು ನಿಮಿಷವಿತ್ತು. ಕೊಠಡಿ ತುಂಬಿತ್ತು. ಕುರ್ಚಿ ಸಿಗದವರು ಗೋಡೆಗೆ ಒರಗಿ ನಿಂತಿದ್ದರು. ಚಿತ್ರ ಶುರುವಾಯಿತು. ಮಂಜು, ಹಳಿ, ಗಾಜಿನ ಕೋಣೆ. ಬಿಸಿಲಿಗೆ ಹೊಳೆಯುವ ಒಂದೊಂದು ನರೆಗೂದಲೂ ಎಣಿಸುವ ಹಾಗೆ ಕಾಣುತ್ತಿತ್ತು. ಮುಟ್ಟದ ಚಿತ್ರಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಪರದೆಯಲ್ಲಿ ಮೈಕಮ್ಮ ಬಟನ್ ಒತ್ತಿದರು. ಗಂಟಲು ಸರಿ ಮಾಡಿಕೊಂಡರು. ಆ ಸಣ್ಣ ಕೆಮ್ಮು ಕೂಡ ಕೇಳಿಸಿತು.

"ಪ್ರಯಾಣಿಕರ ಗಮನಕ್ಕೆ. ಉತ್ತರದ ಕಡೆ ಹೋಗುವ ಹನ್ನೊಂದೂ ಹತ್ತರ ರೈಲು ಮೂರನೇ ಪ್ಲಾಟ್‌ಫಾರ್ಮಿಗೆ ಬರ್ತಾ ಇದೆ. ನಿಧಾನವಾಗಿ ಬನ್ನಿ, ರೈಲು ನಿಮ್ಮನ್ನ ಬಿಟ್ಟು ಎಲ್ಲಿಗೂ ಹೋಗಲ್ಲ."

ತೆರೆದ ಬಾಗಿಲಿನಿಂದ ಆ ದನಿ ಪ್ಲಾಟ್‌ಫಾರ್ಮಿಗೆ ಹರಿಯಿತು. ಹೊರಗೆ ಬೆಂಚಿನ ಮೇಲೆ ತೂಕಡಿಸುತ್ತಿದ್ದ ಏಳೆಂಟು ಜನ ದಡಬಡಿಸಿ ಎದ್ದು, ಚೀಲ ಹೆಗಲಿಗೇರಿಸಿಕೊಂಡು ಮೂರನೇ ಪ್ಲಾಟ್‌ಫಾರ್ಮಿನ ಸೇತುವೆ ಹತ್ತಿಯೇ ಬಿಟ್ಟರು. ಅರ್ಧ ದಾರಿಯಲ್ಲಿ ಒಬ್ಬ ಮುದುಕರು ನಿಂತರು. "ಇದು ಮೈಕಮ್ಮ ಅಲ್ವಾ!" ಎಂದು ಅವರು ಕೂಗಿದ್ದು ಕೊಠಡಿಯೊಳಗೆ ಕೇಳಿಸಿತು. ನಗು ಸಿಡಿಯಿತು, ಅದರ ಹಿಂದೆಯೇ ಚಪ್ಪಾಳೆ. ಸ್ಟೇಷನ್ ಮಾಸ್ಟರ್ ಟೋಪಿ ತೆಗೆದು ಕಣ್ಣೊರೆಸಿಕೊಂಡರು.

ಅತ್ತೆ ಕುರ್ಚಿಯ ಅಂಚಿಗೆ ಬಂದಿದ್ದರು. ತಮ್ಮ ದನಿಯ ಜೊತೆ ತುಟಿ ಆಡಿಸುತ್ತಿದ್ದರು, ಒಂದಕ್ಷರ ಹಿಂದೆಮುಂದೆ ಇಲ್ಲದೆ. ಗೋಡೆಯಿಂದ ಬರುತ್ತಿದ್ದದ್ದು ಯಾರ ಮಾತು, ಕುರ್ಚಿಯಲ್ಲಿ ಕೂತವರದೋ ಪರದೆಯಲ್ಲಿ ಇದ್ದವರದೋ ಎಂದು ಪಕ್ಕದವರಿಗೆ ಅನುಮಾನವಾಗುವಷ್ಟು. ಕಣ್ಣೀರು ಇಳಿಯುತ್ತಿತ್ತು, ಭುಜ ಮಾತ್ರ ನಗುವಿಗೆ ಕುಲುಕುತ್ತಿತ್ತು.

ಚಿತ್ರ ಮುಗಿದಾಗ ಸೊಸೆ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು. ಅತ್ತೆ ಅವಳ ಧೂಳು ಮೆತ್ತಿದ ಬರಿಗಾಲನ್ನು ನೋಡಿದರು, ಪುಸ್ತಕ ತೆರೆದರು, ಬರೆದರು: 'ನನ್ನ ಮಾತು ಇಷ್ಟು ಚೆನ್ನಾಗಿತ್ತಾ?'

"ಬೈಯುವಾಗ ಗೊತ್ತಾಗ್ತಿರಲಿಲ್ಲ ಅತ್ತೆ," ಎಂದಳು ಅವಳು.

ಅತ್ತೆ ಅವಳ ತಲೆಗೆ ಪುಸ್ತಕದಿಂದಲೇ ಮೊಟಕಿದರು. ಆಮೇಲೆ ಅದೇ ಕೈಯಿಂದ ಅವಳ ಕೆನ್ನೆ ಹಿಡಿದು ಬಿಡಲೊಲ್ಲದೆ ಕೂತರು. ಹಿಂದೆ ಎಲ್ಲಬಲ್ಲ ಅತಿಥಿಗಳಿಗೆ ದೊಡ್ಡ ಗಂಟಲಲ್ಲಿ ವಿವರಿಸುತ್ತಿದ್ದ: "ಚಿತ್ರ ಮುಟ್ಟಲೇಬಾರದು ನೋಡಿ, ಅದೇ ಗುಟ್ಟು. ನಮ್ಮ ಅತ್ತಿಗೆ ಕಂಡುಹಿಡಿದದ್ದು." ಅವನ ಬಾಯಲ್ಲಿ ಇನ್ನೊಬ್ಬರ ಹೆಸರು ಬಂದದ್ದು ಮನೆಯವರಿಗೆ ಅಂದಿನ ಎರಡನೇ ಪವಾಡ.

ಮೈಕಮ್ಮ ಹಾಳೆ ತಿರುವಿ, ಪುಟದ ತುಂಬ ದಪ್ಪ ಅಕ್ಷರದಲ್ಲಿ ಏನೋ ಬರೆದು, ಎದ್ದು ನಿಂತು, ಪುಸ್ತಕವನ್ನು ತಲೆಯ ಮೇಲೆ ಎತ್ತಿ ಹಿಡಿದರು. ಹಿಂದಿನ ಸಾಲಿನವರಿಗೂ ಕಾಣಲೆಂದು ಒಂದು ಸುತ್ತು ತಿರುಗಿದರು.

'ಇನ್ನೊಂದ್ಸಲ!'

ಇನ್ನೂರು ಗಂಟಲು ಅದನ್ನೇ ಕೂಗಿದವು.